ಹಾಡಿನ ಪದ ಮಾತಿಗೆ ಇಳಿದದ್ದು ಹೇಗೆ: ಒಂದು ಪದದ ಬೆನ್ನು ಹತ್ತುವವರಿಗೆ ಮಾರ್ಗದರ್ಶಿ

ಡಿಗ್ರಿ ಓದುವಾಗ ಶೇಕ್ಸ್‌ಪಿಯರ್‌ನ 'ಮೂರನೇ ರಿಚರ್ಡ್' ನಮಗೆ ಪಠ್ಯವಾಗಿತ್ತು. ನಾಟಕ ಶುರುವಾಗುವುದೇ ರಿಚರ್ಡ್‌ನ ಮಾತಿನಿಂದ. ಯುದ್ಧ ಮುಗಿದಿದೆ, ಊರೆಲ್ಲ ಕುಣಿಯುತ್ತಿದೆ. ಗೂನುಬೆನ್ನಿನ ತನಗೆ ಮಾತ್ರ ಮಾಡಲು ಕೆಲಸವಿಲ್ಲ. ಬಿಸಿಲಿನಲ್ಲಿ ತನ್ನ ನೆರಳನ್ನು ನೋಡಿಕೊಂಡು, ತನ್ನ ವಿಕಾರದ ಮೇಲೆ 'ಡೆಸ್ಕ್ಯಾಂಟ್' ಮಾಡುತ್ತಾ ಕೂರುವುದೊಂದೇ ಉಳಿದಿದೆ ಅನ್ನುತ್ತಾನೆ.

ನಾನು ಜೇಬಿನ ಡಿಕ್ಷನರಿ ತೆಗೆದು ನೋಡಿದೆ. ಮೊದಲ ಅರ್ಥ: ಮುಖ್ಯ ಧಾಟಿಯ ಜೊತೆಗೆ ಅದರ ಮೇಲೆ ಹಾಡುವ ಇನ್ನೊಂದು ಧಾಟಿ. ಹಾಗಾದರೆ ಈ ಮನುಷ್ಯ ತನ್ನ ಗೂನಿನ ಮೇಲೆ ಹಾಡು ಕಟ್ಟುತ್ತಾನಾ? ಇರಲಿ ಅಂತ ಪರೀಕ್ಷೆಯಲ್ಲಿ ಹಾಗೇ ಬರೆದೆ. ಅಂಕ ಹೋಯಿತು. 'ಒಂದು ವಿಷಯ ಹಿಡಿದು ಉದ್ದಕ್ಕೆ ಮಾತಾಡುವುದು' ಎಂಬ ಎರಡನೇ ಅರ್ಥವನ್ನು ಬರೆಯಬೇಕಿತ್ತಂತೆ.

ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ನನ್ನ ಉತ್ತರ ಪೂರ್ತಿ ತಪ್ಪಲ್ಲ. ಆ ಸಾಲಿನಲ್ಲಿ ಎರಡೂ ಅರ್ಥ ಇದೆ. ಒಂದು ಪದ ಹಳೆಯ ಅರ್ಥದಿಂದ ಹೊಸ ಅರ್ಥಕ್ಕೆ ಒಂದೇ ನೆಗೆತಕ್ಕೆ ಹೋಗುವುದಿಲ್ಲ. ನಡುವೆ ಎರಡು ಅರ್ಥವೂ ಒಟ್ಟಿಗೆ ಬದುಕಿರುವ ಒಂದು ಕಾಲ ಇರುತ್ತದೆ. ಆ ನಡುವಿನ ಜಾಗವನ್ನು ಹುಡುಕುವುದೇ ಈ ಆಟದ ಮಜಾ. ಹೇಗೆ ಹುಡುಕಬೇಕು ಅಂತ ಇದೇ ಪದವನ್ನು ಇಟ್ಟುಕೊಂಡು ಹೇಳುತ್ತೇನೆ. ಒಂದು ನೋಟ್‌ಬುಕ್, ಎರಡು ಒಳ್ಳೆಯ ನಿಘಂಟು, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

1. ಪದವನ್ನಲ್ಲ, ವಾಕ್ಯವನ್ನು ಬರೆದುಕೊಳ್ಳಿ

ಪದ ಒಂದನ್ನೇ ಬರೆದಿಟ್ಟರೆ ನಾಳೆ ಅದು ಏನೂ ಹೇಳುವುದಿಲ್ಲ. ಪದ ಸಿಕ್ಕ ವಾಕ್ಯ, ಹೇಳಿದವರು ಯಾರು, ಯಾವ ವರ್ಷ, ಇಷ್ಟನ್ನು ಒಂದು ಪುಟದಲ್ಲಿ ಬರೆಯಿರಿ. ಆಕ್ಸ್‌ಫರ್ಡ್‌ನ ದೊಡ್ಡ ಇಂಗ್ಲಿಷ್ ನಿಘಂಟು ತಯಾರಾದದ್ದೇ ಹೀಗೆ. ಸಾವಿರಾರು ಓದುಗರು ಪುಸ್ತಕ ಓದಿ, ಒಂದೊಂದು ಚೀಟಿಯಲ್ಲಿ ಒಂದೊಂದು ವಾಕ್ಯ ಬರೆದು ಸಂಪಾದಕರಿಗೆ ಕಳಿಸಿದರು. 1884ರಲ್ಲಿ ಮೊದಲ ಕಂತು ಬಂತು, ಮುಗಿದದ್ದು 1928ಕ್ಕೆ. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲೂ ಅರ್ಥದ ಜೊತೆಗೆ ಕಾವ್ಯದ, ಶಾಸನದ ಸಾಲುಗಳನ್ನು ಕೊಟ್ಟಿದ್ದಾರೆ. ನಿಘಂಟು ಕೊಳ್ಳುವಾಗ ಅಂಥದ್ದನ್ನೇ ನೋಡಿ. ಸುಮ್ನೆ ಅರ್ಥ ಮಾತ್ರ ಕೊಡುವ ನಿಘಂಟು ಈ ಕೆಲಸಕ್ಕೆ ಜಾಸ್ತಿ ಉಪಯೋಗಕ್ಕೆ ಬರುವುದಿಲ್ಲ. ನನ್ನ ಅಂಕ ತಿಂದದ್ದು ಅದೇ.

2. ಪದವನ್ನು ಬಿಡಿಸಿ ನೋಡಿ, ಆದರೆ ಅಲ್ಲೇ ಕೂರಬೇಡಿ

ಡೆಸ್ಕ್ಯಾಂಟ್ ಹುಟ್ಟಿದ್ದು ಲ್ಯಾಟಿನ್‌ನ 'ಡಿಸ್ಕಾಂಟುಸ್' ಎಂಬ ಪದದಿಂದ. 'ಡಿಸ್' ಅಂದರೆ ಬೇರೆಯಾಗಿ, 'ಕಾಂಟುಸ್' ಅಂದರೆ ಹಾಡು. ಬೇರೆಯಾಗಿ ಹಾಡುವುದು. ಫ್ರೆಂಚ್ ಮೂಲಕ 14ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂತು.

ಬಿಡಿಸುವುದರಲ್ಲಿ ಒಂದು ಅಪಾಯ ಇದೆ. ಕಿವಿಗೆ ಒಂದೇ ತರ ಕೇಳುವುದೆಲ್ಲ ನೆಂಟರಲ್ಲ. ದ್ರಾಕ್ಷಾರಸವನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಬಗ್ಗಿಸುವುದಕ್ಕೆ ಇಂಗ್ಲಿಷಿನಲ್ಲಿ 'ಡಿಕ್ಯಾಂಟ್' ಅನ್ನುತ್ತಾರೆ. ಅದಕ್ಕೂ ಹಾಡಿಗೂ ಸಂಬಂಧವಿಲ್ಲ. ಅದು ಹೂಜಿಯ ತುಟಿಗೆ ಹೇಳುವ ಬೇರೊಂದು ಪದದಿಂದ ಬಂದದ್ದು.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಪದ ಬಿಡಿಸಿದ ಕೂಡಲೇ ನಮ್ಮ ತಲೆ ತಾನೇ ಒಂದು ಕಥೆ ಕಟ್ಟಿಬಿಡುತ್ತದೆ. 'ಬೇರೆಯಾಗಿ ಹಾಡುವುದು, ಅಂದರೆ ದಾರಿ ಬಿಟ್ಟು ಹೋಗುವುದು, ಅದಕ್ಕೇ ಉದ್ದ ಮಾತು.' ಕೇಳಲು ಚೆನ್ನಾಗಿದೆ. ಆದರೆ ಹಾಗೆ ಆಗಲಿಲ್ಲ.

3. ಆ ಕೆಲಸವನ್ನು ಆಗ ಹೇಗೆ ಮಾಡುತ್ತಿದ್ದರು ಅಂತ ತಿಳಿದುಕೊಳ್ಳಿ

ಇದೇ ಮುಖ್ಯ ಹೆಜ್ಜೆ. ತುಂಬಾ ಜನ ಇದನ್ನು ಬಿಟ್ಟು ನೇರ ಅರ್ಥಕ್ಕೆ ಹಾರುತ್ತಾರೆ. ಪದದ ಹಿಂದೆ ಒಂದು ಕೆಲಸ ಇರುತ್ತದೆ. ಆ ಕೆಲಸ ಬದಲಾದರೆ ಪದವೂ ಬದಲಾಗುತ್ತದೆ.

ಪ್ಯಾರಿಸ್‌ಗೆ ಹೋಗೋಣ. ನೋತ್ರ್‌ದಾಮ್ ಚರ್ಚು ಕಟ್ಟಲು ಶುರು ಮಾಡಿದ್ದು 1163ರಲ್ಲಿ. ಅಲ್ಲಿನ ಹಾಡುಗಾರರು ಹಳೆಯ ಪ್ರಾರ್ಥನೆಯ ಧಾಟಿಯ ಮೇಲೆ ಇನ್ನೊಂದು ದನಿ ಸೇರಿಸಿ ಹಾಡುತ್ತಿದ್ದರು. ಅದರಲ್ಲಿ ಎರಡು ರೀತಿ. ಒಂದರಲ್ಲಿ ಕೆಳಗಿನ ದನಿ ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತದೆ. ಮೇಲಿನ ದನಿ ಅದರ ಮೇಲೆ ಸುತ್ತಿ ಸುತ್ತಿ ಎಷ್ಟು ಹೊತ್ತಾದರೂ ಆಡುತ್ತದೆ. ಇದಕ್ಕೆ ಆರ್ಗನಮ್ ಅನ್ನುತ್ತಿದ್ದರು. ಇನ್ನೊಂದರಲ್ಲಿ ಎರಡು ದನಿಯೂ ಲಯಕ್ಕೆ ಕಟ್ಟುಬಿದ್ದು, ಹೆಚ್ಚುಕಡಿಮೆ ಸ್ವರಕ್ಕೆ ಸ್ವರ ಎದುರಿಟ್ಟು ಹೆಜ್ಜೆ ಹಾಕುತ್ತವೆ. ಇದು ಡಿಸ್ಕಾಂಟುಸ್.

ಗಮನಿಸಿದಿರಾ? ಉದ್ದಕ್ಕೆ ಎಳೆಯುತ್ತಿದ್ದದ್ದು ಆರ್ಗನಮ್. ಡಿಸ್ಕಾಂಟುಸ್ ಬಿಗಿಯಾದದ್ದು, ಅಚ್ಚುಕಟ್ಟಾದದ್ದು. 13ನೇ ಶತಮಾನದ ಕೊನೆಯಲ್ಲಿ ಹೆಸರು ಗೊತ್ತಿಲ್ಲದ ಒಬ್ಬ ಲೇಖಕ ಈ ಹಾಡುಗಾರರ ಬಗ್ಗೆ ಬರೆದಿದ್ದಾನೆ. ಸಂಗೀತ ಚರಿತ್ರೆಯಲ್ಲಿ ಅವನನ್ನು 'ನಾಲ್ಕನೇ ಅನಾಮಿಕ' ಅಂತಲೇ ಕರೆಯುತ್ತಾರೆ. ಅವನ ಪ್ರಕಾರ ಲಿಯೋನಿನ್ ಆರ್ಗನಮ್‌ನಲ್ಲಿ ಎತ್ತಿದ ಕೈ, ಪೆರೋಟಿನ್ ಡಿಸ್ಕಾಂಟುಸ್‌ನಲ್ಲಿ ಎತ್ತಿದ ಕೈ. ಲಿಯೋನಿನ್‌ನ ದೊಡ್ಡ ಹಾಡಿನ ಪುಸ್ತಕವನ್ನು ಪೆರೋಟಿನ್ ಮೊಟಕು ಮಾಡಿದ ಅಂತಲೂ ಅವನೇ ಹೇಳುತ್ತಾನೆ. ಡೆಸ್ಕ್ಯಾಂಟ್‌ನ ಮೊದಲ ಗಟ್ಟಿಗ ಉದ್ದ ಮಾಡಿದವನಲ್ಲ, ಗಿಡ್ಡ ಮಾಡಿದವನು! ಪ್ಯಾರಿಸ್‌ನಿಂದ ನೇರವಾಗಿ 'ಉದ್ದ ಮಾತಿ'ಗೆ ದಾರಿ ಹುಡುಕಿದರೆ ಸಿಗುವುದಿಲ್ಲ.

ದಾರಿ ತಿರುಗುವುದು ಇಂಗ್ಲೆಂಡಿನಲ್ಲಿ. ತಾಮಸ್ ಮಾರ್ಲಿ ಎಂಬ ಸಂಗೀತಗಾರ 1597ರಲ್ಲಿ ಸಂಗೀತ ಕಲಿಸುವ ಪುಸ್ತಕ ಒಂದನ್ನು ಅಚ್ಚು ಹಾಕಿಸಿದ. ಗುರು ಶಿಷ್ಯರ ಮಾತುಕತೆಯ ರೂಪದಲ್ಲಿದೆ. ಶಿಷ್ಯ ಬರುವುದೇ ಊಟದ ಕೂಟವೊಂದರಲ್ಲಿ ಹಾಡು ಅಂದಾಗ ಹಾಡಲು ಬಾರದೆ ಮರ್ಯಾದೆ ಹೋಯಿತು ಅಂತ. ಪುಸ್ತಕದ ಎರಡನೇ ಭಾಗ ಪೂರ್ತಿ ಡೆಸ್ಕ್ಯಾಂಟ್‌ಗೆ ಮೀಸಲು. ಈ ಪದವನ್ನು ಸಂಗೀತಗಾರರು ಮೂರು ತರ ಬಳಸುತ್ತಾರೆ ಅನ್ನುತ್ತಾನೆ ಮಾರ್ಲಿ. ಹಲವು ದನಿಗಳ ಒಟ್ಟು ಮೇಳಕ್ಕೆ, ಅದರಲ್ಲಿ ಒಂದು ದನಿಗೆ, ಮತ್ತೆ ಗೊತ್ತಿರುವ ಪ್ರಾರ್ಥನೆಯ ಧಾಟಿಯ ಮೇಲೆ ಬರೆದುಕೊಳ್ಳದೆ ಆಗಿಂದಾಗಲೇ ಕಟ್ಟಿ ಹಾಡುವುದಕ್ಕೆ. ನಾವು ಸಾಮಾನ್ಯವಾಗಿ ಬಳಸುವುದು ಈ ಮೂರನೆಯದನ್ನೇ ಅಂತಲೂ ಹೇಳುತ್ತಾನೆ.

ಇದು ನಮಗೆ ಗೊತ್ತಿಲ್ಲದ ವಿಷಯವಲ್ಲ. ಕಛೇರಿಯಲ್ಲಿ ನೆರವಲ್ ಕೇಳಿದ್ದೀರಲ್ವಾ? ಕೃತಿಯ ಒಂದೇ ಸಾಲನ್ನು ಎತ್ತಿಕೊಂಡು, ಸಾಹಿತ್ಯ ಬಿಡದೆ, ತಾಳ ತಪ್ಪದೆ, ಗಾಯಕರು ಅದನ್ನು ಅಲ್ಲೇ ಕಟ್ಟಿ ಕಟ್ಟಿ ಬೆಳೆಸುತ್ತಾರೆ. ಸಾಲು ವಾಗ್ಗೇಯಕಾರರದ್ದು, ಬೆಳೆ ಇವರದ್ದು. ಡೆಸ್ಕ್ಯಾಂಟ್‌ನಲ್ಲಿ ಮೂಲ ಧಾಟಿಯನ್ನು ಅದೇ ಹೊತ್ತಿಗೆ ಬೇರೆಯವರು ಹಿಡಿದಿರುತ್ತಾರೆ ಎನ್ನುವುದು ವ್ಯತ್ಯಾಸ. ಉಳಿದಂತೆ ಮನೋಧರ್ಮ ಒಂದೇ. ಇನ್ನೊಬ್ಬರು ಕೊಟ್ಟದ್ದರ ಮೇಲೆ ನಿಂತು ನಮ್ಮದನ್ನು ಬೆಳೆಸುವುದು.

ಮಾತಿನಲ್ಲೂ ಇದೇ ಕೆಲಸ. ಕೊಟ್ಟ ಒಂದು ವಿಷಯದ ಮೇಲೆ ನಿಂತು, ಮೊದಲೇ ಬರೆದುಕೊಳ್ಳದೆ, ಮಾತನ್ನು ಅಲ್ಲೇ ಬೆಳೆಸುತ್ತಾ ಹೋಗುವುದು. ಪದ ಹಾಡಿನಿಂದ ಮಾತಿಗೆ ದಾಟಿದ್ದು ಈ ಹೋಲಿಕೆಯಿಂದ.

4. ಸೇತುವೆ ವಾಕ್ಯ ಹುಡುಕಿ

ಎರಡು ಅರ್ಥವೂ ಒಟ್ಟಿಗೆ ಉಸಿರಾಡುವ ವಾಕ್ಯಕ್ಕೆ ನಾನು ಸೇತುವೆ ವಾಕ್ಯ ಅನ್ನುತ್ತೇನೆ. ಅದು ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಹುಡುಕಬೇಕಾದ ಜಾಗ ನಾಟಕ, ಪತ್ರ, ಜಗಳ. ಪದದ ಜೊತೆ ಜನ ಆಟ ಆಡುವುದು ಅಲ್ಲೇ. ಶಾಸ್ತ್ರಗ್ರಂಥದಲ್ಲಿ ಸಿಗುವುದು ಅಪರೂಪ.

ನಮ್ಮ ಸೇತುವೆ ವಾಕ್ಯ ಅದೇ ನಾಟಕದ ಒಳಗೇ ಇದೆ. ಮೂರನೇ ಅಂಕದ ಏಳನೇ ದೃಶ್ಯ. ರಿಚರ್ಡ್‌ನನ್ನು ದೊಡ್ಡ ದೈವಭಕ್ತ ಅಂತ ಊರಿನವರ ಮುಂದೆ ತೋರಿಸಬೇಕಾಗಿದೆ. ಅವನ ಬಲಗೈಯಂತಿರುವ ಬಕಿಂಗ್‌ಹ್ಯಾಮ್ ಉಪಾಯ ಹೇಳಿಕೊಡುತ್ತಾನೆ. ಕೈಯಲ್ಲಿ ಪ್ರಾರ್ಥನೆಯ ಪುಸ್ತಕ ಹಿಡಿದು ಇಬ್ಬರು ಪಾದ್ರಿಗಳ ನಡುವೆ ನಿಂತುಕೋ, ಆ 'ಗ್ರೌಂಡ್' ಮೇಲೆ ನಾನು ಪವಿತ್ರವಾದ ಡೆಸ್ಕ್ಯಾಂಟ್ ಕಟ್ಟುತ್ತೇನೆ ಅನ್ನುತ್ತಾನೆ.

ಗ್ರೌಂಡ್ ಅಂದರೆ ನೆಲ, ಆಧಾರ. ಆ ಕಾಲದ ಸಂಗೀತದಲ್ಲಿ ಗ್ರೌಂಡ್ ಅಂದರೆ ಕೆಳಗೆ ಹಿಡಿದಿಡುವ ಮೂಲ ಧಾಟಿ. ಬಕಿಂಗ್‌ಹ್ಯಾಮ್ ಏನೂ ಹಾಡುವುದಿಲ್ಲ. ಊರಿನವರ ಎದುರು ಬಣ್ಣಬಣ್ಣವಾಗಿ ಮಾತಾಡುತ್ತಾನೆ, ಅಷ್ಟೇ. ಆದರೆ ಪದ ಇನ್ನೂ ಸಂಗೀತದ ಬಟ್ಟೆಯಲ್ಲೇ ಇದೆ. ಮೊದಲ ದೃಶ್ಯದ ರಿಚರ್ಡ್‌ನ ಬಾಯಲ್ಲಿ ಅದೇ ಪದ ಆ ಬಟ್ಟೆಯನ್ನು ಅರ್ಧ ಕಳಚಿದೆ. ಅಲ್ಲೂ ಮೂಲ ಧಾಟಿ ಅಂತ ಒಂದಿದೆ ನೋಡಿ, ಅವನ ಗೂನು. ಅದರ ಮೇಲೆ ಅವನು ಮಾತು ಬೆಳೆಸುತ್ತಾನೆ. ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಅರ್ಧ ಅಂಕವಾದರೂ ಬರುತ್ತಿತ್ತೇನೋ.

ಒಂದು ಕಾಕತಾಳೀಯ ಹೇಳದೆ ಮುಂದೆ ಹೋಗಲಾರೆ. ಈ ನಾಟಕ ಮೊದಲು ಅಚ್ಚಾದದ್ದೂ 1597ರಲ್ಲೇ, ಲಂಡನ್ನಿನಲ್ಲೇ. ಮಾರ್ಲಿಯ ಪುಸ್ತಕವನ್ನು ಅಚ್ಚು ಹಾಕಿದ ಪೀಟರ್ ಶಾರ್ಟ್‌ನ ಮುದ್ರಣಾಲಯದಲ್ಲೇ ಈ ನಾಟಕದ ಕೆಲವು ಹಾಳೆಗಳೂ ಅಚ್ಚಾದವು. ಹಾಡಿನ ಡೆಸ್ಕ್ಯಾಂಟೂ ಮಾತಿನ ಡೆಸ್ಕ್ಯಾಂಟೂ ಒಂದೇ ವರ್ಷ, ಒಂದೇ ಮಸಿಯ ಕೈಗಳ ಮೂಲಕ ಹೊರಗೆ ಬಂದವು.

5. ಪಕ್ಕದಲ್ಲಿ ನಿಂತ ಚಿಕ್ಕ ಪದವನ್ನು ನೋಡಿ

ಇದನ್ನು ನಾನು ತಡವಾಗಿ ಕಲಿತೆ. ಅರ್ಥ ಬದಲಾದರೂ ಪದದ ಜೊತೆ ಬರುವ ಚಿಕ್ಕ ಪದ ಅಷ್ಟು ಬೇಗ ಬದಲಾಗುವುದಿಲ್ಲ. ಹಳೆಯ ಕೆಲಸದ ಗುರುತು ಅದರಲ್ಲೇ ಉಳಿದಿರುತ್ತದೆ. ಹಾಡುವವರು ಧಾಟಿಯ 'ಮೇಲೆ' ಡೆಸ್ಕ್ಯಾಂಟ್ ಮಾಡುತ್ತಿದ್ದರು. ಮಾತಾಡುವವರೂ ವಿಷಯದ 'ಮೇಲೆ'ಯೇ ಡೆಸ್ಕ್ಯಾಂಟ್ ಮಾಡಿದರು. ಇಂಗ್ಲಿಷಿನಲ್ಲಿ ಇವತ್ತಿಗೂ ಆ ಕ್ರಿಯಾಪದದ ಜೊತೆ 'ಆನ್' ಅಥವಾ 'ಅಪಾನ್' ಬರುತ್ತದೆ. ಕೆಳಗೆ ಒಂದು ಧಾಟಿ ಇತ್ತು ಎನ್ನುವುದಕ್ಕೆ ಇದೇ ಸಾಕ್ಷಿ.

ಕನ್ನಡದಲ್ಲಿ ಈ ಕೆಲಸಕ್ಕೆ ವಿಭಕ್ತಿ ನೋಡಬೇಕು. 'ಅವನಿಗೆ', 'ಅವನ ಮೇಲೆ', 'ಅವನ ಬಗ್ಗೆ'. ಯಾವುದು ಬರುತ್ತದೆ ಅಂತ ನಿಮ್ಮ ಪುಟದಲ್ಲಿ ಗೆರೆ ಹಾಕಿಟ್ಟುಕೊಳ್ಳಿ.

6. ದನಿಯಲ್ಲಿ ಹೊಗಳಿಕೆ ಇದೆಯೋ ಚುಚ್ಚು ಇದೆಯೋ?

ಅರ್ಥ ಸಿಕ್ಕ ಮೇಲೆ ಅದರ ರುಚಿ ನೋಡಬೇಕು. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಡೆಸ್ಕ್ಯಾಂಟ್‌ಗೆ ಹಾಡಿನ ಅರ್ಥ ಕೊಟ್ಟು, ಆಮೇಲೆ ಕವಲು ಕವಲಾಗಿ ಹೋಗುವ ಮಾತು ಎಂಬ ಅರ್ಥ ಕೊಡುತ್ತಾನೆ. ಇದನ್ನು ಸಾಮಾನ್ಯವಾಗಿ ತೆಗಳಲು ಬಳಸುತ್ತಾರೆ ಅಂತ ಒಂದು ಮಾತನ್ನೂ ಸೇರಿಸುತ್ತಾನೆ. ಅಂದರೆ ಆ ಹೊತ್ತಿಗೆ 'ಮೂಲಕ್ಕೆ ಏನೋ ಸೇರಿಸಿದ' ಎನ್ನುವುದು ಹೋಗಿ 'ಕೊರೆದ' ಎನ್ನುವುದಕ್ಕೆ ಹತ್ತಿರ ಬಂದಿದೆ.

ಈ ಚುಚ್ಚು ಎಲ್ಲಿಂದ ಬಂತು? ಸಂಗೀತದ ಮೇಲೇ ಹಳೆಯ ದೂರು ಇತ್ತು. 1324-25ರಲ್ಲಿ ಪೋಪ್ 22ನೇ ಜಾನ್ ಒಂದು ಆಜ್ಞೆ ಹೊರಡಿಸಿದರು. ಹಾಡುಗಾರರು ಪವಿತ್ರವಾದ ಧಾಟಿಗಳನ್ನು ತುಂಡು ತುಂಡು ಮಾಡುತ್ತಾರೆ, ಡಿಸ್ಕಾಂಟುಸ್ ಹಚ್ಚಿ ಜಾರುವ ಹಾಗೆ ಮಾಡುತ್ತಾರೆ ಅಂತ ಅದರಲ್ಲಿ ಬೈದಿದ್ದಾರೆ. ಅದೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಚರ್ಚಿನ ಸುಧಾರಣೆಗೆ ದನಿ ಎತ್ತಿದ ವಿಕ್ಲಿಫ್‌ನ ಕಡೆಯವರ ಬರಹದಲ್ಲೂ ಇದೇ ಗೊಣಗಾಟ. ಇಂಥ ಹಾಡಿನಿಂದ ಜನಕ್ಕೆ ಪಾಪಕ್ಕಾಗಿ ಅಳು ಬರುವುದಿಲ್ಲ, ಕುಣಿಯುವ ಮನಸ್ಸು ಬರುತ್ತದೆ ಅಂತ. ಒಟ್ಟು ದೂರು ಒಂದೇ, ಅಲಂಕಾರದಲ್ಲಿ ಮೂಲ ಮುಳುಗಿಹೋಗುತ್ತದೆ. ಮಾತಿನ ಮೇಲೆ ಜಾನ್ಸನ್ ಕಾಲದ ದೂರೂ ಅದೇ ಅಲ್ವಾ? ಒಂದರಿಂದ ಇನ್ನೊಂದು ನೇರ ಹುಟ್ಟಿತು ಅಂತ ನಾನು ಹೇಳುತ್ತಿಲ್ಲ. ಆದರೆ ಈ ಎರಡನ್ನೂ ಒಂದೇ ಪುಟದಲ್ಲಿ ಬರೆದಿಡುವುದು ಒಳ್ಳೆಯದು ಅಂತ ನನಗೆ ಅನಿಸುತ್ತದೆ.

7. ಹಳೆಯ ಅರ್ಥ ಸತ್ತಿದೆಯಾ ಅಂತ ನೋಡಿ

ಸತ್ತಿಲ್ಲ. 1667ರಲ್ಲಿ ಮಿಲ್ಟನ್‌ನ ಮಹಾಕಾವ್ಯದಲ್ಲಿ ನೈಟಿಂಗೇಲ್ ಹಕ್ಕಿ ರಾತ್ರಿಯಿಡೀ ಪ್ರೀತಿಯ ಡೆಸ್ಕ್ಯಾಂಟ್ ಹಾಡುತ್ತದೆ. ಅಲ್ಲಿ ಚುಚ್ಚು ಇಲ್ಲವೇ ಇಲ್ಲ. ಇವತ್ತೂ ಕ್ರಿಸ್‌ಮಸ್ ಹೊತ್ತಿಗೆ ಇಂಗ್ಲಿಷ್ ಆರಾಧನೆ ಇರುವ ಚರ್ಚಿಗೆ ಹೋಗಿ ನೋಡಿ. ಎಲ್ಲರೂ ಹಾಡುತ್ತಿರುವಾಗ ಕೊನೆಯ ಚರಣದಲ್ಲಿ ಎತ್ತರದ ದನಿಯವರು ಮಾತ್ರ ಬೇರೆ ಧಾಟಿ ಹಿಡಿದು ಮೇಲೇರುತ್ತಾರೆ. ಅದೇ ಡೆಸ್ಕ್ಯಾಂಟ್. ಈಗ ಮುದುಕನಾಗಿರುವುದು ಮಾತಿನ ಅರ್ಥವೇ. ಪುಸ್ತಕದಲ್ಲಿ ಬಿಟ್ಟರೆ ಯಾರ ಬಾಯಲ್ಲೂ ಕೇಳುವುದಿಲ್ಲ. ಹೊಸ ಅರ್ಥ ಬಂದರೆ ಹಳೆಯದು ಹೋಗಲೇಬೇಕು ಅಂತ ಅಂದುಕೊಳ್ಳಬೇಡಿ.

8. ಅದೇ ಮನೆಯ ಬೇರೆ ಪದಗಳನ್ನು ಒಮ್ಮೆ ವಿಚಾರಿಸಿ

'ಹಾಡು' ಎಂಬ ಅದೇ ಲ್ಯಾಟಿನ್ ಮೂಲದಿಂದ ಬಂದ 'ರಿಕ್ಯಾಂಟ್' ಅಂದರೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು. ಮೂಲದಲ್ಲಿ ಹಿಂದಕ್ಕೆ ಹಾಡುವುದು. ಮಾತಿನಲ್ಲಿ ಹಾಕುವ ಒತ್ತಿಗೆ ಹೇಳುವ 'ಆಕ್ಸೆಂಟ್' ಕೂಡ ಅದೇ ಮನೆಯದು. ಹಾಡಿನಿಂದ ಮಾತಿಗೆ ಇಳಿಯುವುದು ಈ ಮನೆತನದ ಚಾಳಿ ಅಂತ ಆಗ ಗೊತ್ತಾಗುತ್ತದೆ.

ಆದರೆ 'ಟೆನರ್' ಹಾಗಲ್ಲ. ಅದಕ್ಕೂ ಸಂಗೀತದ ಅರ್ಥ ಇದೆ, ಮಾತಿನ ಒಟ್ಟು ಹರಿವು ಎಂಬ ಅರ್ಥವೂ ಇದೆ. ನಾನು ಮೊದಲು ಇದೂ ಹಾಡಿನಿಂದಲೇ ಇಳಿದದ್ದು ಅಂತ ಬರೆದುಕೊಂಡಿದ್ದೆ. ತಪ್ಪು. 'ಹಿಡಿದು ಸಾಗುವುದು' ಎಂಬ ಒಂದೇ ಲ್ಯಾಟಿನ್ ಅರ್ಥದಿಂದ ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದಿವೆ. ಸೇತುವೆ ವಾಕ್ಯ ಇಲ್ಲದೆ ಸೇತುವೆ ಇದೆ ಅನ್ನಬಾರದು.

ಈಗ ನಮ್ಮ ಪದಗಳಿಗೆ

ಇದೇ ಹೆಜ್ಜೆಗಳನ್ನು ಕನ್ನಡದ ಮೇಲೆ ಪ್ರಯೋಗ ಮಾಡಿ. ಮೊದಲ ಪದ 'ಆಲಾಪ'. ಇದರಲ್ಲಿ ನಿಮಗೊಂದು ತಿರುವು ಸಿಗುತ್ತದೆ. ರಾಗಾಲಾಪನೆ ಕೇಳಿ ಬೆಳೆದ ನಾವು ಇದನ್ನು ಸಂಗೀತದ ಪದ ಅಂದುಕೊಂಡಿರುತ್ತೇವೆ. ಆದರೆ ಸಂಸ್ಕೃತದಲ್ಲಿ ಇದರ ಮೂಲ ಅರ್ಥ ಮಾತುಕತೆ. 'ಲಪ್' ಅಂದರೆ ಮಾತಾಡು. ಸಲ್ಲಾಪ, ಪ್ರಲಾಪ, ವಿಲಾಪ ಎಲ್ಲ ಇದರ ಒಡಹುಟ್ಟುಗಳು, ಇವು ಯಾವುವೂ ಹಾಡಲ್ಲ. 13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವ ಬರೆದ ಸಂಗೀತ ರತ್ನಾಕರದ ಹೊತ್ತಿಗೆ ರಾಗಾಲಾಪ ಎಂಬ ಶಾಸ್ತ್ರದ ಮಾತು ಗಟ್ಟಿಯಾಗಿ ನಿಂತಿದೆ. ಅಂದರೆ ಅಲ್ಲಿ ಹಾಡು ಮಾತಾಯಿತು, ಇಲ್ಲಿ ಮಾತು ಹಾಡಾಯಿತು. ಎರಡೂ ದಿಕ್ಕಿನಲ್ಲಿ ಓಡಾಟ ಇದೆ.

ಮುಂದಿನದು 'ರಾಗ ಎಳೆಯುವುದು'. ಇದಕ್ಕೆ ಜಾಸ್ತಿ ಮಾತಾಡುವುದು ಅಂತ ಅರ್ಥ ಬರೆಯುವ ಮುಂಚೆ ವಾಕ್ಯ ನೋಡಿ. 'ಸಾಲ ಯಾವಾಗ ಕೊಡ್ತೀಯ ಅಂದ್ರೆ, ಅದೂ... ಅಂತ ರಾಗ ಎಳೆದ.' ಇಲ್ಲಿ ಮಾತು ಉದ್ದವೇ ಇಲ್ಲ. ಇರುವುದು ಒಂದೇ ಪದ, ಅದರ ಕೊನೆಯ ಸ್ವರ ಮಾತ್ರ ಉದ್ದ. ಮನಸ್ಸಿಲ್ಲದ ಮಾತಿಗೆ ಇದು ಹೆಸರು. ಒಂದನೇ ಹೆಜ್ಜೆ ಯಾಕೆ ಮುಖ್ಯ ಅಂತ ಈಗ ಗೊತ್ತಾಯಿತಲ್ಲ.

ನಿಜವಾಗಿ ಡೆಸ್ಕ್ಯಾಂಟ್‌ಗೆ ಹತ್ತಿರ ಬರುವುದು 'ಹರಿಕಥೆ'. 'ಬಸ್ ಯಾಕೆ ತಪ್ಪಿತು ಅಂತ ಕೇಳಿದ್ದಕ್ಕೆ ದೊಡ್ಡ ಹರಿಕಥೆ ಶುರು ಮಾಡಿದ.' ಮೂರನೇ ಹೆಜ್ಜೆ ಹಾಕಿ ನೋಡಿ, ಆ ಕೆಲಸ ಹೇಗೆ ನಡೆಯುತ್ತದೆ? ಕೀರ್ತನಕಾರರು ಒಂದು ಕಥೆ ಹಿಡಿಯುತ್ತಾರೆ. ನಡುವೆ ಹಾಡು, ಉಪಕಥೆ, ಹಾಸ್ಯ, ಎದುರು ಕೂತವರ ಕಾಲೆಳೆಯುವುದು, ಮತ್ತೆ ಕಥೆ. ಮೂಲ ಒಂದು, ಬೆಳೆಸುವುದು ಹತ್ತು. ಕೇಳುವವನಿಗೆ ಪುರುಸೊತ್ತು ಇದ್ದರೆ ಅದು ಕಲೆ, ಇಲ್ಲದಿದ್ದರೆ ಬೈಗುಳ.

ಕೊನೆಯದು 'ಪಿಟೀಲು ಕುಯ್ಯುವುದು'. ಬಿಡದೆ ಕೊರೆಯುವವರಿಗೆ ನಮ್ಮ ಕಡೆ ಹೇಳುವ ಮಾತು. ಇಂಥ ಆಡುಮಾತಿಗೆ ನಿಘಂಟು ನಂಬಿ ಕೂರಬೇಡಿ. ಕಾಲ ಗೊತ್ತು ಮಾಡಲು ಇಲ್ಲೊಂದು ಸುಲಭದ ದಾರಿ ಇದೆ. ವಸ್ತು ಬರುವ ಮುಂಚೆ ಅದರ ಮೇಲಿನ ಗಾದೆ ಬರಲಾರದು. ಪಿಟೀಲು ಕರ್ನಾಟಕ ಸಂಗೀತಕ್ಕೆ ಬಂದದ್ದು ಸುಮಾರು 1800ರ ಆಚೀಚೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲಸ್ವಾಮಿ ದೀಕ್ಷಿತರ ಹೆಸರು ಅದಕ್ಕೆ ಅಂಟಿಕೊಂಡಿದೆ. ಹಾಗಾಗಿ ಈ ಮಾತು ಅದಕ್ಕಿಂತ ಈಚಿನದು. 'ಕುಯ್ಯು' ಎಂಬ ಕ್ರಿಯಾಪದವೂ ಸುಮ್ನೆ ಬಂದದ್ದಲ್ಲ. ಕಮಾನು ಹಿಂದೆ ಮುಂದೆ ಓಡುವುದನ್ನು ಗರಗಸದ ಕಣ್ಣಿನಲ್ಲಿ ನೋಡಿದವರ ಮಾತು ಅದು.

ಆಡುಮಾತಿನ ಸೇತುವೆ ವಾಕ್ಯ ಕಿವಿಗೇ ಸಿಗಬೇಕು. ಎಲ್ಲಿ ಹೋದರೂ ಪೆನ್ನು ಇರಲಿ. ಕಳೆದ ವರ್ಷ ಒಂದು ಆರತಕ್ಷತೆಗೆ ಹೋಗಿದ್ದೆ. ವೇದಿಕೆಯ ಪಕ್ಕ ಪಿಟೀಲು ಕಛೇರಿ ನಡೀತಿತ್ತು. ನನ್ನ ಪಕ್ಕದ ಹಿರಿಯರು ತಮ್ಮ ಸೈಟಿನ ಖಾತೆಯ ವಿಷಯ ಎತ್ತಿದವರು ಅರ್ಧ ಗಂಟೆಯಾದರೂ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ ಮುಂದೆ ಬಾಗಿ, 'ರೀ, ಅಲ್ಲಿ ಒಬ್ರು ಕುಯ್ತಿದ್ದಾರಲ್ಲ, ಸಾಕಲ್ವಾ?' ಅಂದರು. ತಾಂಬೂಲದ ಚೀಲದ ಮೇಲೇ ಬರೆದುಕೊಂಡೆ, ತಾರೀಕು ಸಮೇತ.